ಕೈ ಕೊಡುವ ಕೈಗಳು

ಉಡುಗೊರೆಗೆಂದು ಬಿಡಿಸಿದ ಚಿತ್ರವನ್ನು ಯಾರಾದರೂ ತಂದು ತೋರಿಸಿದರೆ ನಾನು ಮೊದಲು ಹುಡುಕುವುದು ಕೈಗಳನ್ನು. ಬಹಳಷ್ಟು ಸಲ ಅವು ಸಿಗುವುದೇ ಇಲ್ಲ. ಬೆನ್ನ ಹಿಂದೆ ಹೋಗಿರುತ್ತವೆ, ಜೇಬಿಗೆ ಇಳಿದಿರುತ್ತವೆ, ಇಲ್ಲವೇ ಎಲ್ಲಿಂದಲೋ ಬಂದ ದೊಡ್ಡ ಹೂಗುಚ್ಛದ ಮರೆಯಲ್ಲಿ ಕೂತಿರುತ್ತವೆ. ಮುಖಕ್ಕೆ ಮೂರು ದಿನ ಬೆವರು ಸುರಿಸಿದವರು ಕೈ ಬಂದಾಗ ಮೆಲ್ಲಗೆ ಜಾರಿಕೊಂಡಿರುತ್ತಾರೆ. ಕೇಳಿದರೆ, ‘ಕೈ ನಂಗೆ ಬರಲ್ಲ ಸರ್’ ಅನ್ನುತ್ತಾರೆ. ಯಾರದ್ದಾದರೂ ಕೈ ನೋಡಿಕೊಂಡು ಬಿಡಿಸಬಹುದಿತ್ತಲ್ಲ ಅಂದರೆ ಮುಖ ಸಪ್ಪಗಾಗುತ್ತದೆ. ‘ನೋಡಿ ಬಿಡಿಸಿದ್ರೆ ಕಾಪಿ ಆಗಲ್ವಾ? ಗಿಫ್ಟ್ ಅಂದ್ಮೇಲೆ ಮನಸ್ಸಿಂದ ಬರಬೇಕು.’

ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಪ್ರೀತಿ ಮನಸ್ಸಿಂದ ಬರಲಿ, ಬೇಡ ಅಂದವರಾರು? ಮಣಿಕಟ್ಟು ಮಾತ್ರ ಮನಸ್ಸಿಂದ ಬರುವುದಿಲ್ಲ. ಮನಸ್ಸಿನಲ್ಲಿರುವುದು ‘ಕೈ’ ಎಂಬುದರ ಒಂದು ಗುರುತು, ಅಷ್ಟೇ: ಒಂದು ಚೌಕ, ಅದಕ್ಕೆ ಅಂಟಿಸಿದ ಐದು ಕಡ್ಡಿ. ನಮ್ಮ ಕೈಯನ್ನು ನಾವು ದಿನವಿಡೀ ನೋಡುತ್ತೇವೆ ಅನ್ನುವುದು ನಿಜ, ಆದರೆ ಲೋಟ ಎತ್ತಲು ಎಷ್ಟು ಬೇಕೋ ಅಷ್ಟೇ ನೋಡುತ್ತೇವೆ. ಓಡುವ ಕುದುರೆಯನ್ನು ಚಿತ್ರಕಾರರು ಎಷ್ಟು ಕಾಲದಿಂದ ನೋಡಿದ್ದರು! ಆದರೂ ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿ ಗಾಳಿಯಲ್ಲಿ ತೇಲಿಸುತ್ತಲೇ ಇದ್ದರು. 1878ರಲ್ಲಿ ಛಾಯಾಗ್ರಾಹಕ ಎಡ್ವರ್ಡ್ ಮೈಬ್ರಿಜ್ ಸಾಲಾಗಿ ಕ್ಯಾಮೆರಾಗಳನ್ನಿಟ್ಟು ಕುದುರೆಯ ಓಟವನ್ನು ಹಿಡಿದಾಗ ತಿಳಿಯಿತು, ನಾಲ್ಕೂ ಕಾಲು ನೆಲ ಬಿಡುವ ಆ ಕ್ಷಣದಲ್ಲಿ ಅವು ಹೊಟ್ಟೆಯ ಕೆಳಗೆ ಮಡಚಿಕೊಂಡಿರುತ್ತವೆ ಅಂತ. ಪಳಗಿದ ಕಣ್ಣುಗಳೇ ಎಡವಿದ ಮೇಲೆ ಹುಟ್ಟುಹಬ್ಬಕ್ಕೆ ನಾಲ್ಕು ದಿನ ಇರುವಾಗ ಪೆನ್ಸಿಲ್ ಹಿಡಿದವರು ನೆನಪನ್ನೇ ಯಾಕೆ ನಂಬಬೇಕೋ ತಿಳಿಯದು.

ಒಂದು ನಿಮಿಷ ಪೆನ್ಸಿಲ್ ಕೆಳಗಿಡಿ. ಮೊಣಕೈಯನ್ನು ಮೇಜಿಗೆ ಊರಿ, ಅಂಗೈ ಕೆಳಮುಖವಾಗಿರಲಿ. ಮಣಿಕಟ್ಟಿನ ಮೇಲೆ, ಕಿರುಬೆರಳಿನ ಕಡೆ, ಗೋಲಿಯಂಥ ಒಂದು ಉಬ್ಬು ಕಾಣುತ್ತದಲ್ಲ? ಅದನ್ನೇ ನೋಡುತ್ತಾ ಅಂಗೈಯನ್ನು ಮೇಲಕ್ಕೆ ತಿರುಗಿಸಿ. ಉಬ್ಬು ಬಹುಮಟ್ಟಿಗೆ ಮಾಯ. ಮುಂದೋಳಿನಲ್ಲಿ ಎರಡು ಮೂಳೆಗಳಿವೆ: ಹೆಬ್ಬೆರಳಿನ ಕಡೆಗೆ ರೇಡಿಯಸ್, ಕಿರುಬೆರಳಿನ ಕಡೆಗೆ ಅಲ್ನಾ. ಅಂಗೈ ಮೇಲಿದ್ದಾಗ ಎರಡೂ ಅಕ್ಕಪಕ್ಕ ಮಲಗಿರುತ್ತವೆ. ಕೈ ಮಗುಚಿದಾಗ ಅಲ್ನಾ ಹೆಚ್ಚುಕಡಿಮೆ ಇದ್ದಲ್ಲೇ ಇದ್ದು, ರೇಡಿಯಸ್ ಅದರ ಮೇಲೆ ಹಾದು ಆಚೆ ಬದಿಗೆ ಬರುತ್ತದೆ. ಮುಂದೋಳಿನ ಇಡೀ ಆಕಾರ ಬದಲಾಗುವುದು ಇದರಿಂದಲೇ. ಬೆರಳುಗಳ ಕಥೆಯೂ ಇಂಥದ್ದೇ. ಕೈಯ ಹಿಂಬದಿಯಿಂದ ನೋಡಿದರೆ ನಡುಬೆರಳು ಗೆಣ್ಣಿನಿಂದಲೇ ಶುರುವಾಗಿ ಉದ್ದ ಕಾಣುತ್ತದೆ, ಅಂಗೈ ಕಡೆಯಿಂದ ಚರ್ಮ ಮೇಲೇರಿ ಬಂದಿರುವುದರಿಂದ ಅದೇ ಬೆರಳು ಗಿಡ್ಡ. ಅಂಗೈಗೆ ಹಿಂಬದಿಯ ಬೆರಳು ಜೋಡಿಸಿದ ಚಿತ್ರಗಳನ್ನು ನಾನು ಎಷ್ಟು ನೋಡಿದ್ದೇನೋ ಲೆಕ್ಕವಿಲ್ಲ.

ಯಾಕೆ ಇಷ್ಟು ಕೊರೆಯುತ್ತಿದ್ದೇನೆ ಅಂದರೆ, ರೆಫರೆನ್ಸ್, ಅಂದರೆ ನೋಡಿಕೊಂಡು ಬಿಡಿಸಲು ಎದುರಿಗಿರುವ ಫೋಟೊ ಅಥವಾ ಮನುಷ್ಯ, ಇರುವುದು ಇಂಥ ಪ್ರಶ್ನೆ ಕೇಳಲಿಕ್ಕೆ. ಆ ಉಬ್ಬು ಎಲ್ಲಿದೆ? ಭಾರ ಯಾವ ಕಾಲಿನ ಮೇಲಿದೆ? ಆ ಕಾಲಿನ ಕಡೆ ಸೊಂಟ ಎಷ್ಟು ಮೇಲೆದ್ದಿದೆ? ಉತ್ತರ ಸಿಕ್ಕ ಮೇಲೆ ಗೆರೆ ನಿಮ್ಮದೇ. ಪ್ರಶ್ನೆಯೇ ಇಲ್ಲದೆ ಫೋಟೊದ ಅಂಚನ್ನು ಇರುವೆಯಂತೆ ಹಿಂಬಾಲಿಸಿದರೆ ಚಿತ್ರ ಸತ್ತಂತಿರುತ್ತದೆ, ಅದನ್ನು ಒಪ್ಪುತ್ತೇನೆ. ‘ಕಾಪಿ’ ಎಂಬ ಭಯ ಹುಟ್ಟಿದ್ದೂ ಬಹುಶಃ ಅಲ್ಲಿಂದಲೇ. ಹಾಗಂತ ನೋಡುವುದನ್ನೇ ಬಿಟ್ಟರೆ ನೆಗಡಿಗೆ ಮೂಗು ಕೊಯ್ದಂತೆ.

ಫೋಟೊವನ್ನು ಕುರುಡಾಗಿ ನಂಬುವವರಿಗೂ ಒಂದು ಮಾತು. ಮೂಗಿನ ತುದಿಗೂ ಕಿವಿಗೂ ಸುಮಾರು 12 ಸೆಂಟಿಮೀಟರ್ ಅಂತರ ಅಂದುಕೊಳ್ಳಿ. ಫೋನನ್ನು ಮೂಗಿನಿಂದ 40 ಸೆಂಟಿಮೀಟರ್ ದೂರ ಹಿಡಿದು ಸೆಲ್ಫಿ ತೆಗೆದರೆ ಕಿವಿ 52 ಸೆಂಟಿಮೀಟರ್ ಆಚೆ. ಕಿವಿಗೆ ಹೋಲಿಸಿದರೆ ಮೂಗು ಶೇ 30ರಷ್ಟು ಹಿಗ್ಗಿ ಬೀಳುತ್ತದೆ. ಎರಡು ಮೀಟರ್ ಹಿಂದೆ ನಿಂತು ತೆಗೆದರೆ ಇದು ಶೇ 6ಕ್ಕೆ ಇಳಿಯುತ್ತದೆ. ಸೆಲ್ಫಿ ನೋಡಿ ಬಿಡಿಸಿದ ಚಿತ್ರ ಕೊಟ್ಟು, ‘ನನ್ನ ಮೂಗು ಹೀಗಿದ್ಯಾ?’ ಎಂದು ಕೇಳಿಸಿಕೊಂಡವರು ನನ್ನ ಬಳಿ ಬಂದು ಗೋಳಾಡಿದ್ದಾರೆ. ದೂರದಿಂದ ತೆಗೆಯಿರಿ, ಒಂದರ ಬದಲು ನಾಲ್ಕೈದು ಕೋನದಲ್ಲಿ ತೆಗೆಯಿರಿ. ದೇಹ ಏಳೂವರೆ ತಲೆಯಷ್ಟು ಎತ್ತರ ಎಂಬ ಲೆಕ್ಕವೂ ಸರಾಸರಿಯದ್ದು. ನೀವು ಉಡುಗೊರೆ ಕೊಡಲಿರುವವರು ಸರಾಸರಿ ಮನುಷ್ಯರಾಗಿರಬೇಕೆಂದೇನಿಲ್ಲ. ಇನ್ನು ಬೇರೊಬ್ಬ ಛಾಯಾಗ್ರಾಹಕರ ಫೋಟೊವನ್ನು ಇಡಿಯಾಗಿ ಇಳಿಸುವುದಾದರೆ ಅವರನ್ನೊಮ್ಮೆ ಕೇಳಿ. ಕಾನೂನು ನನ್ನ ಕ್ಷೇತ್ರವಲ್ಲ, ಆದರೆ ಕೇಳಿ ಯಾರೂ ಕೆಟ್ಟಿದ್ದನ್ನು ನಾನು ನೋಡಿಲ್ಲ.

ನನ್ನ ಬಳಿ ಕಲಿಯುತ್ತಿದ್ದ ಒಬ್ಬಳಿಗೆ ಅಪ್ಪನ ಚಿತ್ರ ಬಿಡಿಸಿ ಕೊಡುವ ಆಸೆ. ಅಪ್ಪ ಗಡಿಯಾರ ರಿಪೇರಿ ಮಾಡುವವರು. ಮೊದಲ ಸಲ ತಂದ ಚಿತ್ರದಲ್ಲಿ ಅವರು ಕೈಕಟ್ಟಿ ನಿಂತಿದ್ದರು, ಬೆರಳುಗಳು ತೋಳಿನಡಿ ಭದ್ರ. ‘ಅಪ್ಪ ಚಿಮುಟ ಯಾವ ಕೈಯಲ್ಲಿ ಹಿಡೀತಾರೆ?’ ಎಂದು ಕೇಳಿದೆ. ತನ್ನೆರಡೂ ಕೈಗಳನ್ನು ಒಂದಾದ ಮೇಲೊಂದು ಎತ್ತಿ ನೋಡಿಕೊಂಡಳು. ಗೊತ್ತಿರಲಿಲ್ಲ. ಅವರು ಕೆಲಸ ಮಾಡುವುದನ್ನು ಹುಟ್ಟಿದಾಗಿನಿಂದ ನೋಡಿದವಳು! ಒಂದು ವಾರ ಪಕ್ಕದಲ್ಲಿ ಕೂತು ಪುಟಗಟ್ಟಲೆ ಗೀಚಿಕೊಂಡು ಬಂದಳು. ಬಲಗೈ ಹೆಬ್ಬೆರಳು ಬಿಲ್ಲಿನಂತೆ ಹಿಂದಕ್ಕೆ ಬಾಗುತ್ತದಂತೆ, ಕಿರುಬೆರಳು ಮೇಜಿಗೆ ಊರಿಕೊಂಡು ಇಡೀ ಕೈಯನ್ನು ಹೊರುತ್ತದಂತೆ. ಅದನ್ನು ಹೇಳುವಾಗ ಅವಳ ಮುಖದಲ್ಲಿದ್ದ ಬೆರಗು ನನಗಿನ್ನೂ ನೆನಪಿದೆ. ಎರಡನೆಯ ಚಿತ್ರದಲ್ಲಿ ಮುಖ ಅರ್ಧಕ್ಕರ್ಧ ನೆರಳಿನಲ್ಲಿತ್ತು. ಬೆಳಕೆಲ್ಲ ಆ ಹೆಬ್ಬೆರಳಿನ ಮೇಲೆ.

ಕೊಟ್ಟ ದಿನ ಅಪ್ಪ ಚಿತ್ರದ ಪಕ್ಕಕ್ಕೆ ತಮ್ಮ ಹೆಬ್ಬೆರಳನ್ನು ಹಿಡಿದು ಬಾಗಿಸಿ ನೋಡಿದರಂತೆ. ಬಹಳ ಹೊತ್ತು ಮಾತಿಲ್ಲ. ಆಮೇಲೆ, ‘ಚಿಮುಟ ಇಷ್ಟುದ್ದ ಇರಲ್ಲ ಕಣೇ’ ಅಂದರಂತೆ.

ಚಿಮುಟವನ್ನು ಅವಳು ನೋಡದೇ ಬಿಡಿಸಿದ್ದಳು.