ದಮ್ಮಿಗೆ ಬಂದ ದುಬಾರಿ ಸೂಜಿ: ಇದರ ಹಿಂದಿನ ಕಥೆ ಏನು?

"ತಿಂಗಳಿಗೊಮ್ಮೆ ಸೂಜಿ ಮಾಡಿಸಿದ್ರ ದಮ್ಮು ಪೂರಾ ಹೋಗತೈತಂತ, ಖರೇನ್ರಿ?" ಬಾಗಲಕೋಟೆ, ವಿಜಯಪುರ ಕಡೆ ಈಚೆಗೆ ಈ ಪ್ರಶ್ನೆ ಕೇಳಿಬರುತ್ತಿದೆ. ಸೂಜಿ ಇರುವುದು ನಿಜ, ಅದಕ್ಕೆ ಬಯಾಲಜಿಕ್ (ಜೀವಕೋಶಗಳಲ್ಲಿ ತಯಾರಿಸಿದ ಪ್ರತಿಕಾಯದ ಔಷಧಿ) ಎನ್ನುತ್ತಾರೆ. ಆದರೆ ಅದು ದಮ್ಮನ್ನು, ಅಂದರೆ ಅಸ್ತಮಾವನ್ನು, ಬೇರುಸಹಿತ ಕೀಳುವುದಿಲ್ಲ, ಎಲ್ಲರಿಗೂ ಬೇಕಾಗಿಯೂ ಇಲ್ಲ. ಅಸ್ತಮಾ ಇದ್ದವರಲ್ಲಿ ನೂರಕ್ಕೆ ಸುಮಾರು 5ರಿಂದ 10 ಮಂದಿಯದು ಮಾತ್ರ ತೀವ್ರ ಸ್ವರೂಪದ್ದು, ಅಂದರೆ ಹೆಚ್ಚಿನ ಪ್ರಮಾಣದ ಪಂಪನ್ನು (ಇನ್ಹೇಲರ್) ಸರಿಯಾಗಿ ತೆಗೆದುಕೊಂಡರೂ ಹತೋಟಿಗೆ ಬಾರದ್ದು. ಸೂಜಿ ಅವರಿಗಾಗಿ, ಅವರಲ್ಲೂ ಕೆಲವರಿಗಾಗಿ.

ಒತ್ತಿದರೆ ಅಳತೆಯಷ್ಟೇ ಔಷಧಿ ಚಿಮ್ಮುವ ಪಂಪು ಬಂದದ್ದು 1956ರಲ್ಲಿ, ಶ್ವಾಸನಾಳ ಸಡಿಲಿಸುವ ಸಾಲ್ಬುಟಮಾಲ್ 1969ರಲ್ಲಿ, ಉರಿಯೂತ ಇಳಿಸುವ ಸ್ಟೀರಾಯ್ಡ್ ಪಂಪು 1972ರಲ್ಲಿ. ಬಿಗಿದ ಶ್ವಾಸನಾಳ ಸಡಿಲಾದರೆ ಸಾಲದು, ಒಳಗಿನ ಉರಿಯೂತವೂ ಇಳಿಯಬೇಕು ಎಂಬುದು ನಿಧಾನಕ್ಕೆ ಅರ್ಥವಾಯಿತು. ಬರೀ ಸಾಲ್ಬುಟಮಾಲನ್ನು ನೆಚ್ಚಬೇಡಿ ಎಂದು ಜಾಗತಿಕ ಅಸ್ತಮಾ ಮಾರ್ಗಸೂಚಿ ಖಡಾಖಂಡಿತವಾಗಿ ಹೇಳಿದ್ದು 2019ರಲ್ಲಿ.

ನಮ್ಮ ಕಡೆ ಕಥೆ ಬೇರೆಯೇ ದಾರಿ ಹಿಡಿಯಿತು. ಜೋಳದ ರಾಶಿ, ತೊಗರಿ ರಾಶಿಯ ಧೂಳು, ಕಬ್ಬು ಕಡಿದ ಮೇಲೆ ರವದಿ ಸುಟ್ಟ ಹೊಗೆ, ಅಡುಗೆಮನೆಯ ಒಲೆ, ಮಳೆ ಬಿದ್ದೊಡನೆ ದಾರಿಗುಂಟ ಎದ್ದು ನಿಲ್ಲುವ ಕಾಂಗ್ರೆಸ್ ಕಸ: ದಮ್ಮು ಕೆರಳಲು ಕಾರಣಗಳಿಗೆ ಬರವಿಲ್ಲ. ಕೆರಳಿದಾಗ ಸಿಗುತ್ತಿದ್ದದ್ದು ಊರಲ್ಲೇ ಒಂದು ಡೆಕ್ಸಾ ಎಂಬ ಸ್ಟೀರಾಯ್ಡ್ ಸೂಜಿ, ಒಂದು ಸಲಾಯಿನ್, ನಾಲ್ಕು ದಿನಕ್ಕೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಗುಳಿಗೆ. ಬೆಳಗಾಗುವಷ್ಟರಲ್ಲಿ ಉಸಿರು ಹಗುರಾಗಿ ಕೆಲಸಕ್ಕೆ ಹೋಗಬಹುದಿತ್ತು. ದಿನಗೂಲಿ ನಂಬಿದವರು ಇದನ್ನೇ ಆರಿಸಿಕೊಂಡರೆ ಅವರನ್ನು ದೂರುವುದು ಹೇಗೆ? ಮೃಗಶಿರಾ ಮಳೆಯ ಹೊತ್ತಿಗೆ ಹೈದರಾಬಾದಿನ ಮೀನಿನ ಔಷಧಿಗೆ ರೈಲು ಹತ್ತಿದವರೂ ಉಂಟು. ಪಂಪಿನ ಬಗ್ಗೆ ಮಾತ್ರ ಒಂದೇ ಮಾತು: "ಒಮ್ಮೆ ಹಚ್ಚಿದ್ರ ಬಿಡಾಕ ಬರೂದಿಲ್ಲ."

ಆ ಭಯವನ್ನು ಲೆಕ್ಕಕ್ಕೆ ಇಟ್ಟು ನೋಡಬೇಕು. ಪಂಪಿನ ಒಂದು ಒತ್ತಿಗೆ ಬರುವ ಬುಡೆಸೊನೈಡ್ ಎಂಬ ಸ್ಟೀರಾಯ್ಡ್ ಸಾಮಾನ್ಯವಾಗಿ 100ರಿಂದ 200 ಮೈಕ್ರೊಗ್ರಾಂ, ಅದೂ ಬಹುಪಾಲು ಎದೆಯೊಳಗೇ ಕೆಲಸ ಮಾಡುವಂಥದ್ದು. ದಮ್ಮು ಎದ್ದಾಗ ನುಂಗುವ ಪ್ರೆಡ್ನಿಸೊಲೋನ್ ದಿನಕ್ಕೆ 40 ಮಿಲಿಗ್ರಾಂ, ಅಂದರೆ 40,000 ಮೈಕ್ರೊಗ್ರಾಂ. ಎರಡರ ಸಾಮರ್ಥ್ಯ ಒಂದೇ ಅಲ್ಲ, ಆದರೆ ಗುಳಿಗೆ ಹೋಗುವುದು ಇಡೀ ಮೈಗೆ. ವರ್ಷಕ್ಕೆ ಐದಾರು ಸಲ ಹೀಗೆ ನುಂಗಿದವರ ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಎಲುಬು ಸವೆಯುತ್ತದೆ, ಕಣ್ಣಿಗೆ ಪೊರೆ ಬರುತ್ತದೆ. ಜನ ಅಂಜಿದ್ದು ಪಂಪಿಗೆ, ಕಾಡಿದ್ದು ಗುಳಿಗೆ.

ಗುಳೇದಗುಡ್ಡದ ಒಬ್ಬ ನೇಕಾರ ತಾಯಿ ಪಂಪು ತೆಗೆದುಕೊಳ್ಳುವುದನ್ನು ಹತ್ತಿರದಿಂದ ನೋಡಿದ್ದೇನೆ. ಅಲ್ಲಾಡಿಸಲಿಲ್ಲ, ಒತ್ತಿದರು, ಬಿಳಿ ಹೊಗೆ ತುಟಿಯ ಅಂಚಿನಿಂದ ಹೊರಗೇ ಹೋಯಿತು, ಆಮೇಲೆ ಉಸಿರೆಳೆದರು. ಚೀಟಿಯಲ್ಲಿ "ಔಷಧಿಗೆ ಬಗ್ಗದ ಅಸ್ತಮಾ" ಎಂದು ಬರೆದಿತ್ತು. ನರ್ಸಕ್ಕ ಸ್ಪೇಸರ್ (ಪಂಪಿಗೆ ಜೋಡಿಸುವ ಕೊಳವೆ) ಕೊಟ್ಟು, ನಿಧಾನಕ್ಕೆ ಎಳೆದು ಹತ್ತು ಎಣಿಸುವತನಕ ಉಸಿರು ಹಿಡಿಯಲು ಕಲಿಸಿದರು. ಮುಂದಿನ ತಿಂಗಳು ರಾತ್ರಿಯ ಕೆಮ್ಮು ಕಡಿಮೆಯಾಗಿತ್ತು. ಇಂಥವರಿಗೆ ಬೇಕಾದದ್ದು ಬಯಾಲಜಿಕ್ ಅಲ್ಲ, ಕಲಿಸುವವರ ಹತ್ತು ನಿಮಿಷ.

ಇನ್ನು ಸೂಜಿಯ ವಿಚಾರ. ಅಲರ್ಜಿಗೆ ಕಾರಣವಾದ ಐಜಿಇ ಪ್ರತಿಕಾಯ ಪತ್ತೆಯಾದದ್ದು 1960ರ ದಶಕದಲ್ಲಿ. ಅದನ್ನು ಹಿಡಿದುಹಾಕುವ ಒಮಾಲಿಜುಮ್ಯಾಬ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕದ್ದು 2003ರಲ್ಲಿ. ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳನ್ನು ತಗ್ಗಿಸುವ ಮೆಪೊಲಿಜುಮ್ಯಾಬ್ ಮೊದಲಿಗೆ ಸೋತಿತ್ತು, ಏಕೆಂದರೆ ಎಲ್ಲ ಬಗೆಯ ರೋಗಿಗಳಿಗೂ ಕೊಟ್ಟು ನೋಡಿದ್ದರು. ಆ ಕಣ ಹೆಚ್ಚಿದ್ದವರನ್ನೇ ಆರಿಸಿ ಕೊಟ್ಟ 2009ರ ಅಧ್ಯಯನಗಳಲ್ಲಿ ಅದೇ ಔಷಧಿ ಗೆದ್ದಿತು, 2015ರಲ್ಲಿ ಒಪ್ಪಿಗೆಯೂ ಸಿಕ್ಕಿತು. ಬೆನ್ರಲಿಜುಮ್ಯಾಬ್ (2017), ಡ್ಯುಪಿಲುಮ್ಯಾಬ್ (2018), ಟೆಜೆಪೆಲುಮ್ಯಾಬ್ (2021) ಬೆನ್ನಿಗೇ ಬಂದವು. ಸರಿಯಾದ ರೋಗಿಗೆ ಸರಿಯಾದದ್ದು ಸಿಕ್ಕರೆ ದಮ್ಮು ಏಳುವುದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಹಲವರಿಗೆ ಗುಳಿಗೆಯೂ ತಗ್ಗುತ್ತದೆ.

ಆ ಸರಿಯಾದ ರೋಗಿಯನ್ನು ಆರಿಸುವುದೇ ನಮ್ಮಲ್ಲಿ ತ್ರಾಸಿನ ಕೆಲಸ. ಹೊಟ್ಟೆಯಲ್ಲಿ ಜಂತುಹುಳು ಇದ್ದರೂ ಇಯೊಸಿನೊಫಿಲ್ ಏರುತ್ತದೆ, ಐಜಿಇ ಕೂಡ. ಶ್ವಾಸನಾಳದಲ್ಲಿ ಬೂಷ್ಟು ಸೇರಿ ಆಗುವ ಅಲರ್ಜಿಯೂ ಹಾಗೇ ತೋರುತ್ತದೆ. ಸ್ಟೀರಾಯ್ಡ್ ಗುಳಿಗೆ ನುಂಗುತ್ತಿರುವಾಗ ರಕ್ತ ಕೊಟ್ಟರೆ ಇಯೊಸಿನೊಫಿಲ್ ಎಣಿಕೆ ಸುಳ್ಳೇ ಕಡಿಮೆ ಬರುತ್ತದೆ. ಹುಳುವಿಗೆ ಮೊದಲು ಮದ್ದಾಗಬೇಕು, ಊದಿಸಿ ಉಸಿರಿನ ಬಲ ಅಳೆಯುವ ಸ್ಪೈರೊಮೆಟ್ರಿ ಆಗಬೇಕು, ಪಂಪು ಹಿಡಿಯುವ ಕೈ ನೋಡಬೇಕು. ಇಷ್ಟಾದ ಮೇಲೆಯೇ ಸೂಜಿಯ ಮಾತು.

ಇಷ್ಟೆಲ್ಲ ದಾಟಿ ನಿಜಕ್ಕೂ ಸೂಜಿ ಬೇಕಾದವರು ಉಳಿಯುತ್ತಾರೆ, ಅವರ ಮುಂದಿರುವುದು ದುಡ್ಡಿನ ಗೋಡೆ. ಒಂದು ಡೋಸಿಗೆ ಹತ್ತಾರು ಸಾವಿರ, ಔಷಧಿಗೆ ತಕ್ಕಂತೆ ಎರಡು ವಾರಕ್ಕೋ ನಾಲ್ಕಕ್ಕೋ ಎಂಟಕ್ಕೋ ಒಮ್ಮೆ. ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಆಸರೆಯಾಗುತ್ತದೆ, ಆದರೆ ಅದರ ಲೆಕ್ಕಾಚಾರ ನಿಂತಿರುವುದು ದಾಖಲಾಗಿ ಮಲಗುವ ಚಿಕಿತ್ಸೆಯ ಮೇಲೆ. ಸೂಜಿಯಾದರೋ ಚುಚ್ಚಿಸಿಕೊಂಡು, ಅಲರ್ಜಿ ಆಗದ್ದನ್ನು ನೋಡಿಕೊಂಡು, ಮನೆಗೆ ಹೋಗುವಂಥದ್ದು. ವರ್ಷಕ್ಕೆ ಎರಡು ಸಲ ಐಸಿಯು ಸೇರುವವರ ಖರ್ಚು ಭರಿಸುವ ವ್ಯವಸ್ಥೆ, ಐಸಿಯು ತಪ್ಪಿಸುವ ಔಷಧಿಗೂ ಲೆಕ್ಕ ಹಾಕಿ ನೋಡಬೇಕು. ಫಲ ಅಳೆಯಲು ಕನಿಷ್ಠ ನಾಲ್ಕು ತಿಂಗಳು ಕೊಡಿ ಎನ್ನುತ್ತದೆ ಮಾರ್ಗಸೂಚಿ. ಸಾಲ ಮಾಡಿ ಎರಡು ಡೋಸ್ ಹಾಕಿಸಿ ನಿಲ್ಲಿಸಿದವರಿಗೆ ಔಷಧಿ ಹಿಡಿಯಿತೋ ಇಲ್ಲವೋ ಎಂಬುದೂ ತಿಳಿಯುವುದಿಲ್ಲ.