ಆರೋಗ್ಯ ಸಮೀಕ್ಷೆಯವರು ಜಾತಿ ಕೇಳಿದರೆ ಹೇಳಲೇಬೇಕಾ?

ಪ್ರಶ್ನೆ: ಸಂಶೋಧನೆಗೆಂದು ಬಂದವರು ರಕ್ತ ತೆಗೆಯುವ ಮೊದಲೇ ಜಾತಿ ಬರೆದುಕೊಂಡರು. ಕಾಯಿಲೆಗೂ ಜಾತಿಗೂ ಏನು ಸಂಬಂಧ? (ಕೊಪ್ಪದ ಓದುಗರು)

ಎಷ್ಟು ಸಲ ಉತ್ತರಿಸಿದರೂ ಮತ್ತೆ ಬರುವ ಪ್ರಶ್ನೆ ಇದು. ಹೇಳಲೇಬೇಕೆಂದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಪ್ರಕಾರ ಒಪ್ಪಿಗೆ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಸಹಿ ಹಾಕಿದ ಮೇಲೂ ಹಿಂದೆ ಸರಿಯಬಹುದು, ಅದರಿಂದ ಚಿಕಿತ್ಸೆಗೆ ತೊಂದರೆಯಾಗಬಾರದು. ಹಾಗೆಂದು ಜಾತಿ ಕೇಳುವುದೇ ತಪ್ಪು ಅನ್ನಬೇಡಿ. ಯಾವ ಕೇರಿಯ ಮಕ್ಕಳಿಗೆ ಲಸಿಕೆ ತಲುಪಿಲ್ಲ ಎಂಬುದು ಆ ಕಾಲಂ ಇಲ್ಲದೆ ತಿಳಿಯುವುದಿಲ್ಲ.

ಕಿತ್ತೊಗೆಯಬೇಕಾದದ್ದು "ಆ ಕಾಯಿಲೆ ಅವರ ರಕ್ತದಲ್ಲೇ ಇದೆ" ಎಂಬ ಮಾತನ್ನು. ನಿಮ್ಮ ಕಡೆಯ ಮಂಗನ ಕಾಯಿಲೆಯನ್ನೇ ನೋಡಿ. ಬೇಸಿಗೆಯಲ್ಲಿ ಸೌದೆಗೆ, ಕೊಟ್ಟಿಗೆಗೆ ಹಾಸುವ ತರಗೆಲೆಗೆ ಕಾಡಿಗೆ ಹೋದವರಿಗೆ ಮರಿ ಉಣುಗು ಹತ್ತುತ್ತದೆ. ಜ್ವರ ಬರುವುದು ಕಚ್ಚಿದ 3ರಿಂದ 8 ದಿನಕ್ಕೆ. ಫಾರಂನಲ್ಲಿ ಜಾತಿಯ ಕಾಲಂ ಇದ್ದು, "ಜ್ವರಕ್ಕೆ ಮುಂಚಿನ ವಾರ ಕಾಡಿಗೆ ಹೋಗಿದ್ದಿರಾ?" ಎಂಬುದು ಇಲ್ಲದಿದ್ದರೆ ಏನಾಗುತ್ತದೆ? ಲೆಕ್ಕದಲ್ಲಿ ಸೌದೆ ಹೊರುವವರ ಜಾತಿಯೇ ಕಾರಣವಾಗಿ ಎದ್ದು ಕಾಣುತ್ತದೆ. ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳುವ ಡೆಪಾ ತೈಲ ಆ ಜಾತಿಯವರ ಕಾಲೊನಿಗಷ್ಟೇ ಹೋಗುತ್ತದೆ. ದನ ಅಟ್ಟಿಕೊಂಡು ಅದೇ ಕಾಡಿಗೆ ಹೋಗುವ ಪಕ್ಕದ ಮನೆಯವರು ಏನೂ ಹಚ್ಚಿಕೊಳ್ಳದೆ ಹೋಗುತ್ತಾರೆ.

"ಹಾಗಾದರೆ ಸಿಕಲ್ ಸೆಲ್ ಬುಡಕಟ್ಟಿನವರ ಕಾಯಿಲೆಯಲ್ಲವೇ?" ಎಂಬ ಮರುಪ್ರಶ್ನೆ ಬಂದೇ ಬರುತ್ತದೆ. ಅಲ್ಲ. ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುವ ಈ ಕಾಯಿಲೆಗೆ ಕಾರಣ, ಹಿಂದೆ ಮಲೇರಿಯಾ ಹೆಚ್ಚಿದ್ದ ಕಡೆ ಉಳಿದುಕೊಂಡ ಒಂದೇ ಜೀನಿನ ಬದಲಾವಣೆ; ಅರಬ್ ನಾಡಿನಲ್ಲೂ ಇದೆ, ಗ್ರೀಸಿನಲ್ಲೂ ಇದೆ. ತಂದೆ ತಾಯಿ ಇಬ್ಬರೂ ವಾಹಕರಾಗಿದ್ದರೆ (ಬದಲಾದ ಜೀನಿನ ಒಂದು ಪ್ರತಿ ಇದ್ದವರು) ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಶೇ. 25. ತಪಾಸಣೆ ಎಲ್ಲಿಂದ ಶುರು ಮಾಡಬೇಕೆಂದು ಸಮುದಾಯದ ಹೆಸರು ಸೂಚಿಸಬಹುದು, ಅಷ್ಟೇ. ಇದೆಯೋ ಇಲ್ಲವೋ ಹೇಳುವುದು ರಕ್ತದ ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸಿ ನೋಡುವ ಎಚ್‌ಪಿಎಲ್‌ಸಿ ಪರೀಕ್ಷೆ. "ನಮ್ಮವರಿಗೆ ಬರಲ್ಲ" ಎಂದು ಪರೀಕ್ಷೆ ಬಿಡುವುದೂ ಅದೇ ತಪ್ಪಿನ ಇನ್ನೊಂದು ಮುಖ.

ಹುಟ್ಟಿದ ಗುಂಪನ್ನು ಲೆಕ್ಕದೊಳಗೇ ಸೇರಿಸಿದರೆ ಏನಾಗುತ್ತದೆ ಎಂಬುದಕ್ಕೆ, ಯಾರೂ ಕೇಳದಿದ್ದರೂ ಕಿಡ್ನಿಯ ವಿಷಯ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ, ಕಿಡ್ನಿ ಸೋಸಿ ಹೊರಹಾಕುವ ಕ್ರಿಯಾಟಿನಿನ್ ರಕ್ತದಲ್ಲಿ ಎಷ್ಟಿದೆ ಎಂಬುದರಿಂದ ಇಜಿಎಫ್‌ಆರ್ (ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತದೆ ಎಂಬ ಅಂದಾಜು) ಲೆಕ್ಕ ಹಾಕುವ 2009ರ ಸೂತ್ರದಲ್ಲಿ, ರೋಗಿ ಕಪ್ಪು ಜನಾಂಗದವರಾದರೆ ಉತ್ತರವನ್ನು 1.159ರಿಂದ ಗುಣಿಸುತ್ತಿದ್ದರು. 52 ಇದ್ದದ್ದು 60 ಆಗುತ್ತಿತ್ತು. ಮೂರು ತಿಂಗಳು 60ಕ್ಕಿಂತ ಕೆಳಗಿದ್ದರೆ ಕಿಡ್ನಿ ಕಾಯಿಲೆ ಎನ್ನುತ್ತಾರೆ. ಗುಣಿಸಿದ್ದರಿಂದ ಅದೇ ಕಿಡ್ನಿ ಚೆನ್ನಾಗಿದೆ ಎಂದಾಯಿತು. ಕಿಡ್ನಿ ಕಸಿಯ ಸರದಿಗೆ ಸೇರಿ ಕಾಯುವ ದಿನಗಳು ಲೆಕ್ಕಕ್ಕೆ ಬರಲು ಇದು 20 ಅಥವಾ ಅದಕ್ಕಿಂತ ಕೆಳಗಿರಬೇಕಿತ್ತು; 18 ಇದ್ದದ್ದು 20 ದಾಟಿ, ಅದೂ ತಡವಾಯಿತು. 2021ರಲ್ಲಿ ಆ ಗುಣಕವನ್ನು ತೆಗೆದು ಹೊಸ ಸೂತ್ರ ತಂದರು. ನಿಮ್ಮ ರಿಪೋರ್ಟಿನಲ್ಲಿ ಇಜಿಎಫ್‌ಆರ್ ಪಕ್ಕ ಯಾವ ವರ್ಷದ ಸೂತ್ರ ಎಂದು ಬರೆದಿರದಿದ್ದರೆ ಲ್ಯಾಬಿನವರನ್ನು ಕೇಳಿ.