ಜೆಲ್ ಕವರ್ ಹಾಕಿಸಿದರೂ ಸೈಕಲ್ ಸೀಟು ಯಾಕೆ ನೋಯಿಸುತ್ತೆ?

ಓದುಗರ ಪ್ರಶ್ನೆ: ಗೇರ್ ಸೈಕಲ್ ತಗೊಂಡು ಕೆಲವು ತಿಂಗಳಾಯಿತು. ಅರ್ಧ ಗಂಟೆ ತುಳಿಯುವಷ್ಟರಲ್ಲಿ ಕೂತ ಜಾಗ ನೋಯಲು ಶುರುವಾಗುತ್ತದೆ. ಅಂಗಡಿಯವರು ಹೇಳಿದರು ಅಂತ ಜೆಲ್ ಕವರ್ ಹಾಕಿಸಿದೆ. ಮೊದಲೆರಡು ದಿನ ಹಾಯಾಗಿತ್ತು. ಈಗ ನೋವಿನ ಜೊತೆ ಜೋಮು ಬೇರೆ ಹಿಡಿಯುತ್ತಿದೆ. ಇನ್ನೂ ದಪ್ಪದ, ಅಗಲವಾದ ಸೀಟು ಹಾಕಿಸಲೇ? ಯಾವ ಕಂಪನಿಯದು ಒಳ್ಳೆಯದು?

ಉತ್ತರ: ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ಮೊದಲು ಆ ಜೆಲ್ ಕವರ್ ಬಿಚ್ಚಿಡಿ.

ಸೀಟು ನೋಯುತ್ತದೆ ಎಂದ ಕೂಡಲೇ ಎಲ್ಲರಿಗೂ ಹೊಳೆಯುವುದು ಮೆತ್ತನೆಯ ಸೀಟು. ಅಂಗಡಿಯಲ್ಲಿ ಹೆಬ್ಬೆರಳಿನಿಂದ ಒತ್ತಿ ನೋಡಿ, ಜಾಸ್ತಿ ಒಳಗೆ ಹೋದದ್ದನ್ನು ಆರಿಸುತ್ತೇವೆ. ಆದರೆ ಸೀಟಿನ ಮೇಲೆ ಕೂರುವುದು ಹೆಬ್ಬೆರಳಲ್ಲ. ಕುಂಡಿಯ ಕೆಳಗೆ, ಎಡಕ್ಕೊಂದು ಬಲಕ್ಕೊಂದು, ಗಟ್ಟಿಯಾದ ಎರಡು ಮೂಳೆಗಳಿವೆ. ಕೈ ಅಡಿಗಿಟ್ಟು ಕೂತರೆ ನಿಮಗೇ ಗೊತ್ತಾಗುತ್ತದೆ. ಮೈಭಾರ ಹೊರಬೇಕಾದ್ದು ಈ ಎರಡು ಮೂಳೆಗಳು. ಅವುಗಳ ನಡುವಿನ ಜಾಗ ಭಾರ ಹೊರುವುದಕ್ಕೆ ಅಲ್ಲವೇ ಅಲ್ಲ. ಅಲ್ಲಿ ನರ, ರಕ್ತನಾಳಗಳು ಹಾದು ಹೋಗುತ್ತವೆ.

ಈಗ ಜೆಲ್ ಏನು ಮಾಡುತ್ತದೆ ನೋಡಿ. ಕೂತ ಕೂಡಲೇ ಎರಡು ಮೂಳೆಗಳೂ ಅದರೊಳಗೆ ಇಳಿಯುತ್ತವೆ. ಇಳಿದ ಜಾಗದ ಜೆಲ್ ಎಲ್ಲಿಗಾದರೂ ಹೋಗಬೇಕಲ್ವಾ? ಅದು ಮಧ್ಯಕ್ಕೆ ಉಬ್ಬಿ, ಒತ್ತಬಾರದ ಜಾಗವನ್ನೇ ಒತ್ತುತ್ತದೆ. ಹಾಗಾಗಿ ಮೊದಲ ಹತ್ತು ನಿಮಿಷ ಸ್ವರ್ಗ, ಆಮೇಲೆ ಜೋಮು. ಇನ್ನೊಂದು ತೊಂದರೆ ಯಾರ ಗಮನಕ್ಕೂ ಬರುವುದಿಲ್ಲ. ದಪ್ಪ ಕವರ್ ಹಾಕಿದರೆ ಸೀಟಿನ ಎತ್ತರವೂ ಜಾಸ್ತಿಯಾಗುತ್ತದೆ. ದಾರ ಸಡಿಲಾದರೆ ಕವರ್ ಒಂದು ಪಕ್ಕಕ್ಕೆ ಜಾರಿ ಚರ್ಮವನ್ನು ಉಜ್ಜುತ್ತದೆ. ಹತ್ತು ನಿಮಿಷ ತುಳಿದು ಹಾಲು ತರುವವರಿಗೆ ಅದು ಸಾಕು. ಗಂಟೆಗಟ್ಟಲೆ ತುಳಿಯುವವರಿಗೆ ಬೇಡ.

ಹಾಗಾದರೆ ನೋಡಬೇಕಾದ್ದು ಏನನ್ನು? ಮುಖ್ಯವಾಗಿ ಅಗಲ. ಎರಡು ಮೂಳೆಗಳೂ ಸೀಟಿನ ಮೇಲೆ ಸರಿಯಾಗಿ ಕೂರುವಷ್ಟು ಅಗಲ ಇರಬೇಕು. ಕಡಿಮೆಯಾದರೆ ಮೂಳೆಗಳು ಅಂಚಿನಿಂದ ಆಚೆ ಜಾರಿ, ಭಾರವೆಲ್ಲ ನಡುವಿಗೆ ಬೀಳುತ್ತದೆ. ಜಾಸ್ತಿಯಾದರೆ ತೊಡೆ ಸಂದು ಉಜ್ಜಿ ಹುಣ್ಣಾಗುತ್ತದೆ. ಈ ಮೂಳೆಗಳ ಅಂತರ ಎಲ್ಲರಿಗೂ ಒಂದೇ ಇರುವುದಿಲ್ಲ. ಹೆಚ್ಚಿನವರಲ್ಲಿ 100ರಿಂದ 150 ಮಿ.ಮೀ. ಆಸುಪಾಸು. ಹೆಂಗಸರಲ್ಲಿ ಸಾಮಾನ್ಯವಾಗಿ ಸ್ವಲ್ಪ ಹೆಚ್ಚು. ದಪ್ಪ ಇದ್ದವರಿಗೆ ಅಗಲ, ಸಣ್ಣ ಇದ್ದವರಿಗೆ ಕಿರಿದು ಎಂದು ಕಣ್ಣಂದಾಜಿನಲ್ಲಿ ಹೇಳುವ ಹಾಗೂ ಇಲ್ಲ. ಮೈ ದಪ್ಪಕ್ಕೂ ಈ ಅಂತರಕ್ಕೂ ಅಷ್ಟಾಗಿ ಸಂಬಂಧವಿಲ್ಲ.

ಅಳೆಯುವುದು ಸುಲಭ. ಟಿವಿಯೋ ಮಿಕ್ಸಿಯೋ ಬಂದಿದ್ದ ರಟ್ಟಿನ ಪೆಟ್ಟಿಗೆಯಿಂದ ಒಂದು ತುಂಡು ಕತ್ತರಿಸಿಕೊಳ್ಳಿ. ಒಳಗೆ ಅಲೆಅಲೆಯಾಗಿ ಇರುತ್ತದಲ್ಲ, ಆ ರಟ್ಟೇ ಬೇಕು. ಗಟ್ಟಿಯಾದ ಮರದ ಸ್ಟೂಲಿನ ಮೇಲೋ ಕಲ್ಲಿನ ಮೆಟ್ಟಿಲಿನ ಮೇಲೋ ಅದನ್ನು ಹಾಕಿ. ಜೀನ್ಸ್ ಬೇಡ, ತೆಳು ಬಟ್ಟೆ ಹಾಕಿಕೊಂಡು ಕೂತುಕೊಳ್ಳಿ. ಹಿಮ್ಮಡಿ ಸ್ವಲ್ಪ ಎತ್ತಿ, ಹ್ಯಾಂಡಲ್ ಹಿಡಿದಾಗ ಬಾಗುವಷ್ಟೇ ಮುಂದಕ್ಕೆ ಬಾಗಿ. ಎರಡೂ ಕೈಯಿಂದ ಸ್ಟೂಲಿನ ಅಂಚು ಹಿಡಿದು ನಿಮ್ಮನ್ನು ನೀವೇ ಕೆಳಕ್ಕೆ ಎಳೆದುಕೊಳ್ಳಿ. ಅರ್ಧ ನಿಮಿಷ ಸಾಕು. ಎದ್ದು ನೋಡಿದರೆ ರಟ್ಟಿನಲ್ಲಿ ಎರಡು ಗುಳಿ ಬಿದ್ದಿರುತ್ತವೆ. ಸರಿಯಾಗಿ ಕಾಣದಿದ್ದರೆ ಮೊಬೈಲ್ ಟಾರ್ಚನ್ನು ಪಕ್ಕದಿಂದ, ರಟ್ಟಿನ ಮಟ್ಟದಲ್ಲೇ ಹಿಡಿಯಿರಿ, ಗುಳಿಗಳು ನೆರಳಿನಲ್ಲಿ ಎದ್ದು ಕಾಣುತ್ತವೆ. ಸೀಮೆಸುಣ್ಣವನ್ನು ಅಡ್ಡ ಮಲಗಿಸಿ ಉಜ್ಜಿದರೂ ಆಗುತ್ತದೆ, ಗುಳಿಯ ಜಾಗ ಬಿಟ್ಟು ಉಳಿದದ್ದೆಲ್ಲ ಬೆಳ್ಳಗಾಗುತ್ತದೆ. ಒಂದು ಗುಳಿಯ ನಡುವಿನಿಂದ ಇನ್ನೊಂದರ ನಡುವಿಗೆ ಸ್ಕೇಲ್ ಇಟ್ಟು ಅಳೆಯಿರಿ. ಎರಡು ಮೂರು ಸಲ ಮಾಡಿ, ಅಳತೆ ಹೆಚ್ಚುಕಡಿಮೆ ಒಂದೇ ಬರಬೇಕು.

ಅದಕ್ಕೆ 20ರಿಂದ 30 ಮಿ.ಮೀ. ಸೇರಿಸಿದರೆ ನಿಮಗೆ ಬೇಕಾದ ಸೀಟಿನ ಅಗಲದ ಅಂದಾಜು ಸಿಗುತ್ತದೆ. ಗುಳಿಗಳ ಅಂತರ 118 ಬಂತು ಅನ್ನಿ, 143ರ ಸೀಟು ನೋಡಬಹುದು. ಒಳ್ಳೆಯ ಕಂಪನಿಗಳು ಒಂದೇ ಮಾದರಿಯನ್ನು 143, 155, 168 ಹೀಗೆ ಬೇರೆ ಬೇರೆ ಅಗಲದಲ್ಲಿ ಮಾಡುತ್ತವೆ.

ಎಷ್ಟು ಸೇರಿಸಬೇಕು ಎನ್ನುವುದು ನೀವು ಹೇಗೆ ಕೂರುತ್ತೀರಿ ಎನ್ನುವುದರ ಮೇಲಿದೆ. ಬಾಗಿ ಕೂತರೆ ಕಡಿಮೆ, ನೆಟ್ಟಗೆ ಕೂತರೆ ಹೆಚ್ಚು. ವಿಜಯಪುರ, ಬಾಗಲಕೋಟೆ ಕಡೆಯಿಂದ ಬರುವ ರೇಸ್ ಹುಡುಗ ಹುಡುಗಿಯರ ಸೈಕಲ್ ನೋಡಿದ್ದೀರಾ? ಸೀಟು ಅಂಗೈಯಷ್ಟು, ಗಟ್ಟಿಯೂ ಹೌದು. ಅದರ ಮೇಲೇ ಗಂಟೆಗಟ್ಟಲೆ ತುಳಿಯುತ್ತಾರೆ. ಅವರದೇನು ಉಕ್ಕಿನ ಮೈಯಲ್ಲ. ಬೆನ್ನು ಬಾಗಿಸಿ ಕೂರುವುದರಿಂದ ಭಾರದಲ್ಲಿ ಒಂದಷ್ಟನ್ನು ಕೈ ಹೊರುತ್ತದೆ. ಜೋರಾಗಿ ತುಳಿಯುವುದರಿಂದ ಇನ್ನೊಂದಷ್ಟನ್ನು ಕಾಲು ಹೊರುತ್ತದೆ. ಸೀಟಿನ ಪಾಲಿಗೆ ಉಳಿಯುವುದು ಸ್ವಲ್ಪ. ಅದೇ ನಮ್ಮ ಹಳೆಯ ಅಟ್ಲಾಸ್, ಹೀರೋ ಸೈಕಲ್ಲುಗಳಲ್ಲಿ ಬೆನ್ನು ನೆಟ್ಟಗಿಟ್ಟು ಕೂರುತ್ತೇವೆ. ಭಾರವೆಲ್ಲ ಸೀಟಿಗೇ. ಅದಕ್ಕೇ ಅವುಗಳಿಗೆ ಅಗಲ ಸೀಟು, ಹಿಂದೆ ಎರಡು ದಪ್ಪ ಸ್ಪ್ರಿಂಗು. ಎರಡೂ ಅದರದರ ಜಾಗದಲ್ಲಿ ಸರಿ. ತಪ್ಪಾಗುವುದು ಒಂದರ ಸೀಟನ್ನು ತಂದು ಇನ್ನೊಂದಕ್ಕೆ ಹಾಕಿದಾಗ. ನಿಮ್ಮ ಪ್ರಶ್ನೆಗೆ ನೇರ ಉತ್ತರ ಇಲ್ಲೇ ಇದೆ. ಮುಂದಕ್ಕೆ ಬಾಗಿ ತುಳಿಯುವ ಗೇರ್ ಸೈಕಲ್ಲಿಗೆ ದಪ್ಪದ ಅಗಲ ಸೀಟು ಹಾಕಿದರೆ ನೋವಿನ ಜಾಗ ಬದಲಾಗುತ್ತದೆ ಅಷ್ಟೇ.

ಹೊಸ ಸೀಟಿಗೆ ದುಡ್ಡು ಹಾಕುವ ಮೊದಲು ಈಗಿರುವುದನ್ನೇ ಸರಿಯಾಗಿ ಕೂರಿಸಿ ನೋಡಿ. ನೋವಿನ ದೂರು ಎಷ್ಟೋ ಸಲ ಒಂದು ಅಲೆನ್ ಕೀಯಲ್ಲೇ (ಬೋಲ್ಟ್ ತಿರುಗಿಸುವ ಆರು ಮೂಲೆಯ ಕೀಲಿ) ಮುಗಿಯುತ್ತದೆ. ನಾನಾದರೆ ಎತ್ತರದಿಂದ ಶುರು ಮಾಡುತ್ತೇನೆ. ಸೀಟಿನ ಮೇಲೆ ಕೂತು, ಗೋಡೆ ಹಿಡಿದುಕೊಂಡು, ಹಿಮ್ಮಡಿಯನ್ನು ಪೆಡಲ್ ಮೇಲಿಡಿ. ಪೆಡಲ್ ಪೂರ್ತಿ ಕೆಳಗೆ ಬಂದಾಗ ಕಾಲು ನೆಟ್ಟಗಾಗಬೇಕು, ಸೊಂಟ ಜಗ್ಗಬಾರದು. ಆಮೇಲೆ ಪಾದದ ಮುಂಭಾಗದಿಂದ ತುಳಿದರೆ ಮಂಡಿ ತಾನಾಗಿಯೇ ಸ್ವಲ್ಪ ಬಾಗಿರುತ್ತದೆ. ಕೂತಲ್ಲಿಂದಲೇ ಎರಡೂ ಕಾಲು ನೆಲಕ್ಕೆ ಪೂರ್ತಿ ತಾಗಬೇಕು ಅಂತ ನಮ್ಮಲ್ಲಿ ಬಹಳ ಜನ ಸೀಟನ್ನು ತೀರ ಕೆಳಗೆ ಇಳಿಸಿರುತ್ತಾರೆ. ಆಗ ಕಾಲಿಗೆ ಬಲ ಹಾಕಲಾಗದೆ ಮೈಯೆಲ್ಲ ಸೀಟಿನ ಮೇಲೆ ಕುಸಿಯುತ್ತದೆ, ಮಂಡಿಯೂ ಹಾಳು. ತೀರ ಎತ್ತರ ಮಾಡಿದರೆ ಪ್ರತಿ ತುಳಿತಕ್ಕೂ ಸೊಂಟ ಆ ಕಡೆ ಈ ಕಡೆ ವಾಲಿ ಚರ್ಮ ಉಜ್ಜುತ್ತದೆ. ನಿಮಗೆ ಗೊತ್ತಾಗುವುದಿಲ್ಲ, ಹಿಂದೆ ಬರುವವರಿಗೆ ಕಾಣುತ್ತದೆ, ಅವರನ್ನೇ ಕೇಳಿ. ಸೀಟಿನ ಪೈಪಿನ ಮೇಲೆ ಇದಕ್ಕಿಂತ ಮೇಲೆ ಎಳೆಯಬೇಡಿ ಎಂದು ಒಂದು ಗೆರೆ ಇರುತ್ತದೆ. ಅದು ಹೊರಗೆ ಕಾಣಬಾರದು.

ಆಮೇಲೆ ಮೂತಿ, ಅಂದರೆ ಸೀಟಿನ ಮುಂದಿನ ಕಿರಿದಾದ ತುದಿ. ಸೀಟಿನ ಮೂತಿ ಮೇಲಕ್ಕೆದ್ದಿದ್ದರೆ ಜೋಮು ಹಿಡಿಯುವುದು ಖಚಿತ. ನಿಮ್ಮದು ಇದೇ ಇರಬಹುದು ಅಂತ ನನ್ನ ಗುಮಾನಿ. ಸಮತಟ್ಟಾದ ನೆಲದ ಮೇಲೆ ಸೈಕಲ್ ನಿಲ್ಲಿಸಿ. ಸೈಡ್ ಸ್ಟ್ಯಾಂಡ್ ಬೇಡ, ಯಾರಾದರೂ ನೆಟ್ಟಗೆ ಹಿಡಿದುಕೊಳ್ಳಲಿ. ಸೀಟಿನ ಮೇಲೆ ಉದ್ದಕ್ಕೆ ಒಂದು ಪುಸ್ತಕ ಇಟ್ಟು, ಅದರ ಮೇಲೆ ಮೊಬೈಲ್ ಇಟ್ಟು, ಮಟ್ಟ ನೋಡುವ ಆ್ಯಪ್ ತೆರೆಯಿರಿ. ಸೊನ್ನೆಯಿಂದ ಶುರು ಮಾಡಿ. ಜೋಮು ನಿಲ್ಲದಿದ್ದರೆ ಮೂತಿಯನ್ನು ಒಂದು ಡಿಗ್ರಿ, ಹೆಚ್ಚೆಂದರೆ ಎರಡು ಡಿಗ್ರಿ ತಗ್ಗಿಸಿ. ಅದಕ್ಕಿಂತ ತಗ್ಗಿಸಿದರೆ ಮುಂದಕ್ಕೆ ಜಾರುತ್ತೀರಿ. ಜಾರದಂತೆ ಕೈಯಿಂದ ತಡೆಯುತ್ತಾ ತಡೆಯುತ್ತಾ ಅಂಗೈ, ಭುಜ ನೋಯಲು ಶುರುವಾಗುತ್ತವೆ. ಈಗಿನ ಸೈಕಲ್ಲುಗಳಲ್ಲಿ ಸೀಟಿನ ಅಡಿಯ ಬೋಲ್ಟ್ ಸಡಿಲಿಸಿದರೆ ಕೂದಲೆಳೆಯಷ್ಟೂ ಬದಲಿಸಬಹುದು. ಸೀಟನ್ನು ಪೈಪಿಗೆ ಹಿಡಿಸುವ, ಎರಡೂ ಪಕ್ಕ ನಟ್ ಇರುವ ಹಳೆ ಕ್ಲಾಂಪಿನ ಒಳಗೆ ಹಲ್ಲುಗಳಿರುತ್ತವೆ. ಅಲ್ಲಿ ಒಂದು ಹಲ್ಲು ಆಚೀಚೆಯಾದರೂ ಮೂತಿ ಎದ್ದು ಕಾಣುವಷ್ಟು ಏರುತ್ತದೆ ಇಲ್ಲವೇ ಇಳಿಯುತ್ತದೆ, ನಡುವೆ ನಿಲ್ಲುವುದಿಲ್ಲ. ಅಂಥ ಕ್ಲಾಂಪ್ ಇದ್ದರೆ ಸೀಟಿಗಿಂತ ಮೊದಲು ಪೈಪನ್ನೇ ಬದಲಿಸುವುದು ಒಳ್ಳೆಯದು.

ಸೀಟನ್ನು ಅದರ ಅಡಿಯಲ್ಲಿರುವ ಎರಡು ಕಂಬಿಗಳ ಮೇಲೆ ಹಿಂದೆ ಮುಂದೆ ಸರಿಸುವುದೂ ಉಂಟು. ಪದೇ ಪದೇ ಮೂತಿಯ ಕಡೆಗೇ ಬಂದು ಕೂರುತ್ತಿದ್ದೀರಾ? ಹಾಗಾದರೆ ಹ್ಯಾಂಡಲ್ ನಿಮಗೆ ದೂರವಾಗಿದೆ. ಸೀಟನ್ನು ಅರ್ಧ ಸೆಂಟಿಮೀಟರ್ ಮುಂದೆ ತನ್ನಿ, ಇಲ್ಲವೇ ಹ್ಯಾಂಡಲ್ ಸ್ವಲ್ಪ ಎತ್ತರಿಸಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎಲ್ಲವನ್ನೂ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಗುಣವಾಯಿತು ಅಂತಲೇ ತಿಳಿಯುವುದಿಲ್ಲ. ಮೊದಲಿನ ಜಾಗಕ್ಕೆ ಪೈಪಿನ ಮೇಲೆ ಟೇಪ್ ಅಂಟಿಸಿ ಗುರುತು ಮಾಡಿಕೊಳ್ಳಿ.

ಇನ್ನು ಜೋಮಿನ ವಿಷಯ. ಸುಮ್ನೆ ಸಂಕೋಚ ಬೇಡ, ಇದನ್ನು ಬಿಡಿಸಿಯೇ ಹೇಳಬೇಕು. ಹೊಸದಾಗಿ ತುಳಿಯುವವರಿಗೆ ಆ ಎರಡು ಮೂಳೆಗಳ ಜಾಗದಲ್ಲಿ ಮೊದಲ ಒಂದೆರಡು ವಾರ ನೋವು ಸಹಜ. ತಾನಾಗಿಯೇ ಹೋಗುತ್ತದೆ. ಜೋಮು ಹಾಗಲ್ಲ. ನಡುವಿನ ನರ, ರಕ್ತನಾಳ ಅಮುಕಿಹೋಗುತ್ತಿವೆ ಎಂದು ಅದರ ಅರ್ಥ. ಅದನ್ನು ಅಭ್ಯಾಸ ಮಾಡಿಕೊಳ್ಳುವ ಮಾತೇ ಬೇಡ. ಅಮೆರಿಕದಲ್ಲಿ ಸೈಕಲ್ ಮೇಲೆ ಗಸ್ತು ತಿರುಗುವ ಪೊಲೀಸರಿಗೆ ಇದೇ ತೊಂದರೆ ಇತ್ತು. ಅಲ್ಲಿನ ಸರ್ಕಾರದ ಕಾರ್ಮಿಕ ಆರೋಗ್ಯ ಸಂಸ್ಥೆಯವರು 90 ಪೊಲೀಸರಿಗೆ ಮೂತಿಯೇ ಇಲ್ಲದ ಸೀಟು ಕೊಟ್ಟು ಆರು ತಿಂಗಳು ನೋಡಿದರು. ಅದು 2008ರಲ್ಲಿ ಪ್ರಕಟವಾಯಿತು. ತುಳಿಯುವಾಗ ಜೋಮು ಹಿಡಿಯುವುದಿಲ್ಲ ಎಂದವರು ಮೊದಲು ನೂರಕ್ಕೆ 27 ಇದ್ದದ್ದು ಕೊನೆಗೆ 82 ಆಯಿತು. ಪೂರ್ತಿಯಾಗಿ ಹಳೆ ಸೀಟಿಗೆ ಮರಳಿದವರು ಮೂರೇ ಜನ. ಹಾಗಂತ ಎಲ್ಲರೂ ಮೂತಿಯಿಲ್ಲದ ಸೀಟೇ ಹಾಕಬೇಕಿಲ್ಲ. ತಿರುವಿನಲ್ಲಿ, ಇಳಿಜಾರಿನಲ್ಲಿ ತೊಡೆಯಿಂದ ಸೈಕಲ್ ಹಿಡಿತಕ್ಕೆ ತರಲು ಮೂತಿ ಬೇಕಾಗುತ್ತದೆ. ನಡುವೆ ಉದ್ದಕ್ಕೆ ಕಂಡಿ ಬಿಟ್ಟ ಸೀಟುಗಳು ಸಿಗುತ್ತವೆ, ಹೆಚ್ಚಿನವರಿಗೆ ಅಷ್ಟು ಸಾಕು. ಕೆಲವರಿಗೆ, ಅದರಲ್ಲೂ ಹೆಂಗಸರಲ್ಲಿ ಕೆಲವರಿಗೆ, ಆ ಕಂಡಿಯ ಅಂಚೇ ಒತ್ತುವುದುಂಟು. ಅಂಥವರಿಗೆ ಕಂಡಿಯ ಬದಲು ನಡುವೆ ತಗ್ಗು ಇರುವ ಸೀಟು ಮೇಲು. ಸೈಕಲ್ ಇಳಿದ ಮೇಲೂ ಜೋಮು ಬಿಡದಿದ್ದರೆ, ಮೂತ್ರ ಮಾಡುವಾಗ ತೊಂದರೆಯಾದರೆ, ತುಳಿಯುವುದನ್ನು ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ.

ಮೆತ್ತಗೆ ಏನಾದರೂ ಬೇಕೇ ಬೇಕು ಅಂದರೆ ಅದು ಸೀಟಿನಲ್ಲಿ ಬೇಡ, ಚಡ್ಡಿಯಲ್ಲಿರಲಿ. ಪ್ಯಾಡ್ ಇರುವ ಸೈಕಲ್ ಚಡ್ಡಿ ಮೈಗೆ ಅಂಟಿಕೊಂಡಿರುತ್ತದೆ, ಹಾಗಾಗಿ ಉಜ್ಜುವುದಿಲ್ಲ. ಅದರೊಳಗೆ ಒಳಚಡ್ಡಿ ಹಾಕಬಾರದು. ಹೊಸಬರು ನಂಬುವುದಿಲ್ಲ, ಆದರೆ ಒಳಚಡ್ಡಿಯ ಹೊಲಿಗೆಯೇ ಚರ್ಮ ಕೊರೆಯುವುದು. ಪ್ರತಿ ಸಲ ಒಗೆದು, ಪೂರ್ತಿ ಒಣಗಿಸಿ ಹಾಕಿ. ಹಾಗೆಯೇ ಟಯರಿಗೆ ಕಲ್ಲಿನಂತೆ ಗಾಳಿ ಹೊಡೆಸಬೇಡಿ, ಟಯರಿನ ಪಕ್ಕದಲ್ಲಿ ಬರೆದಿರುವ ಮಿತಿಯ ಒಳಗೇ ಸ್ವಲ್ಪ ಕಡಿಮೆ ಇರಲಿ. ಹಂಪ್ ಬಂದಾಗ ಪೆಡಲ್ ಮೇಲೆ ಎದ್ದು ನಿಲ್ಲಿ. ಹಂಪ್ ಇಲ್ಲದ ರಸ್ತೆಯಲ್ಲೂ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಎದ್ದು ನಾಲ್ಕು ಸುತ್ತು ತುಳಿದರೆ ರಕ್ತ ಓಡಾಡುತ್ತದೆ.

ಚರ್ಮದ ಸೀಟು ಹೇಗೆ ಅಂತಲೂ ಕೇಳುವವರಿದ್ದಾರೆ. 200, 300 ಕಿ.ಮೀ. ಬ್ರೆವೆ (ಗೊತ್ತುಪಡಿಸಿದ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿ) ತುಳಿಯುವವರಲ್ಲಿ ಬ್ರೂಕ್ಸ್ ಸೀಟಿನ ಭಕ್ತರು ಬಹಳ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ 1866ರಲ್ಲಿ ಜಾನ್ ಬೌಲ್ಟ್‌ಬೀ ಬ್ರೂಕ್ಸ್ ಶುರು ಮಾಡಿದ ಚರ್ಮದ ಸಾಮಾನಿನ ಕಂಪನಿ ಅದು. ಅವರ ಕುದುರೆ ಸತ್ತು, ಕೆಲಸಕ್ಕೆ ಹೋಗಲು ಸೈಕಲ್ ಕಡ ತಂದು, ಅದರ ಸೀಟಿನ ಕಾಟ ತಾಳಲಾರದೆ ತಾವೇ ಸೀಟು ಮಾಡಿದರು ಎಂದು ಕಂಪನಿ ಕತೆ ಹೇಳುತ್ತದೆ. ಪೇಟೆಂಟಿಗೆ ಅರ್ಜಿ ಹಾಕಿದ್ದು 1882ರಲ್ಲಿ. ಎರಡು ತುದಿಗೆ ಬಿಗಿದ ಈ ಚರ್ಮ ಜೋಲಿಯಂತೆ ತೂಕಕ್ಕೆ ತಕ್ಕ ಹಾಗೆ ಬಾಗುತ್ತದೆ. ಕೆಲವು ನೂರು ಕಿಲೋಮೀಟರ್ ತುಳಿದ ಮೇಲೆ ನಿಮ್ಮ ಮೂಳೆಗಳ ಗುಳಿ ಅದರಲ್ಲೇ ಮೂಡುತ್ತದೆ. ಅಲ್ಲಿಯವರೆಗೆ ಗಟ್ಟಿ ಹಲಗೆ. ಭಾರವೂ ಹೌದು, ಬೆಲೆಯೂ ಹೌದು. ಮಳೆಯಲ್ಲಿ ನೆಂದು, ನೆಂದದ್ದರ ಮೇಲೇ ತುಳಿದರೆ ಜೋತು ಬಿದ್ದುಹೋಗುತ್ತದೆ. ಮಲೆನಾಡು, ಕರಾವಳಿಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಏನು ಮಾಡುವುದು ಎಂದು ಯೋಚಿಸಿಯೇ ಕೊಳ್ಳಬೇಕು. ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡು ಓಡಾಡುವವರನ್ನೂ ನೋಡಿದ್ದೇನೆ.

ಯಾವ ಕಂಪನಿ ಅಂತ ಕೇಳಿದ್ದಿರಿ. ಹೆಸರು ಹೇಳಿ ಉಪಯೋಗವಿಲ್ಲ, ಗೆಳೆಯನಿಗೆ ಹಿಡಿಸಿದ ಸೀಟು ನಿಮಗೆ ಹಿಡಿಸುವ ಗ್ಯಾರಂಟಿ ಇಲ್ಲ. ರಟ್ಟಿನ ಅಳತೆ ಬರೆದುಕೊಂಡು ಅಂಗಡಿಗೆ ಹೋಗಿ, ಸೀಟಿನ ಅಗಲ ಎಷ್ಟು ಮಿ.ಮೀ. ಎಂದು ಕೇಳಿ. ಗೊತ್ತಿಲ್ಲ ಅಂದರೆ ನೀವೇ ಟೇಪ್ ಹಿಡಿದು, ಹಿಂಭಾಗದ ಅತಿ ಅಗಲದ ಜಾಗದಲ್ಲಿ ಅಳೆಯಿರಿ. ನಿಮ್ಮ ಪೈಪಿನ ಕ್ಲಾಂಪಿಗೆ ಅದರ ಕಂಬಿ ಕೂರುತ್ತದೆಯೇ ನೋಡಿ, ಸಾಮಾನ್ಯ ಕಂಬಿ 7 ಮಿ.ಮೀ. ದಪ್ಪ ಇರುತ್ತದೆ. ದೊಡ್ಡ ಊರುಗಳ ಕೆಲವು ಅಂಗಡಿಗಳಲ್ಲಿ ಸೀಟನ್ನು ಕೆಲವು ದಿನ ತುಳಿದು ನೋಡಲು ಕೊಡುತ್ತಾರೆ, ಕೇಳಿ ನೋಡುವುದರಲ್ಲಿ ತಪ್ಪಿಲ್ಲ. ಕೊಡದಿದ್ದರೆ ಸೈಕಲ್ ಗೆಳೆಯರ ಹತ್ತಿರ ವಿಚಾರಿಸಿ. ತಮಗೆ ಹೊಂದದ ಸೀಟೊಂದು ಮೂಲೆಯಲ್ಲಿ ಬಿದ್ದಿಲ್ಲದ ಮನೆ ಅವರಲ್ಲಿ ಕಡಿಮೆ.